ಸೊಟ್ಟಗಾದರೂ ಬೀಳದ ಮನೆ

ಇಂಗ್ಲೆಂಡಿನ ಚೆಷೈರ್ ಸೀಮೆಯ ಕಾಂಗಲ್ಟನ್ ಊರಿನ ಹತ್ತಿರ, ನೀರು ತುಂಬಿದ ಕಂದಕದ ನಡುವೆ ಒಂದು ಮನೆಯಿದೆ. ಹೆಸರು ಲಿಟಲ್ ಮೋರ್ಟನ್ ಹಾಲ್. ಅದರ ಫೋಟೊ ಮೊದಲ ಸಲ ನೋಡಿದಾಗ, ತೆಗೆದವರ ಕೈ ಅಲುಗಿರಬೇಕು ಅಂದುಕೊಂಡಿದ್ದೆ. ಕಿಟಕಿಗಳು ವಾಲಿವೆ, ಮಹಡಿಯ ಅಂಚು ಅಲೆಯ ಹಾಗೆ ಏರಿಳಿದಿದೆ, ನೆಟ್ಟಗಿನ ಗೆರೆ ಹುಡುಕಿದರೂ ಸಿಗುವುದಿಲ್ಲ. ಮೋರ್ಟನ್ ಎಂಬ ಜಮೀನ್ದಾರ ಮನೆತನದವರು 1504ರ ಸುಮಾರಿಗೆ ಕಟ್ಟಲು ಶುರುಮಾಡಿ, 1610ರ ಆಸುಪಾಸಿನ ತನಕ ಮಗ ಮೊಮ್ಮಕ್ಕಳ ಕಾಲಕ್ಕೂ ಒಂದಿಷ್ಟು ಸೇರಿಸುತ್ತಲೇ ಹೋದ ಮನೆ ಇದು. ಐನೂರು ವರ್ಷ ಆಯಿತು. ಇಷ್ಟು ಸೊಟ್ಟಗಾದದ್ದು ಬೀಳಲಿಲ್ಲ ಯಾಕೆ?

ಮೊದಲು ತಿಳಿಯಬೇಕಾದದ್ದು, ಇಲ್ಲಿ ಗೋಡೆ ಭಾರ ಹೊರುವುದಿಲ್ಲ. ಭಾರವೆಲ್ಲ ಓಕ್ ಮರದ ಅಸ್ಥಿಪಂಜರದ ಮೇಲೆ. ಕಲ್ಲಿನ ತಳಪಾಯದ ಮೇಲೆ ಅಡ್ಡ ಮಲಗಿಸಿದ ತೊಲೆ, ಅದರ ಮೇಲೆ ಕಂಬ, ಕಂಬಗಳ ನಡುವೆ ಅಡ್ಡತೊಲೆ, ಚೌಕಟ್ಟು ಆಚೀಚೆ ವಾಲದಂತೆ ಮೂಲೆಗಳಲ್ಲಿ ಓರೆ ಆನಿಕೆ. ನಡುವಿನ ಖಾಲಿ ಜಾಗಕ್ಕೆ ನಮಗೆ ಚೆನ್ನಾಗಿ ಗೊತ್ತಿರುವ ಉಪಾಯವೇ: ತಡಿಕೆ ಹೆಣೆದು ಮಣ್ಣು ಮೆತ್ತುವುದು, ಮೇಲೆ ಸುಣ್ಣ.

ವಿಚಿತ್ರವೆಂದರೆ ಆ ಕಾಲದ ಇಂಗ್ಲಿಷ್ ಬಡಗಿಗಳು ಇಂಥ ಚೌಕಟ್ಟುಗಳಿಗೆ ಬಳಸುತ್ತಿದ್ದದ್ದು ಹಸಿ ಮರ. ಹಸಿ ಮರದ ಬಾಗಿಲು ಮಾಡಿಸಿ ಕೈಸುಟ್ಟುಕೊಂಡವರು ಇದನ್ನು ಓದಿ ನಕ್ಕಾರು. ಆದರೆ ಒಣಗಿದ ಓಕ್ ಎಂದರೆ ಉಳಿಯ ಬಾಯಿಯನ್ನೇ ಮುರಿಯುವಷ್ಟು ಗಡಸು. ಹಸಿಯದ್ದು ಉಳಿ, ಕೊಡಲಿಗೆ ಸುಲಭವಾಗಿ ಬಗ್ಗುತ್ತದೆ. ಅಡಿ ದಪ್ಪದ ತೊಲೆ ಒಣಗಲಿ ಎಂದು ಕಾಯುತ್ತ ಕೂತರೆ ವರ್ಷಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಮೊದಲು ಕಟ್ಟಿಬಿಡುವುದು, ನಿಂತಲ್ಲೇ ಒಣಗಲಿ ಎಂದು ಬಿಡುವುದು.

ಒಣಗುವ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಉದ್ದಕ್ಕಂತೂ ಕುಗ್ಗುವುದೇ ಇಲ್ಲ ಎನ್ನಬಹುದು. ಅದಕ್ಕೇ ಕಂಬಗಳು ಗಿಡ್ಡವಾಗುವುದಿಲ್ಲ, ಆದರೆ ಉದ್ದುದ್ದ ಸೀಳುತ್ತವೆ, ತಿರುಚಿಕೊಳ್ಳುತ್ತವೆ. ಹಳೆಯ ತೊಲೆಗಳಲ್ಲಿ ಕಾಣುವ, ಬೆರಳು ತೂರಿಸಬಹುದಾದ ಬಿರುಕುಗಳು ಬಹುಪಾಲು ಹೀಗೆ ಹುಟ್ಟಿದವು. ಅವುಗಳಿಂದ ಮನೆಗೇನೂ ಅಪಾಯವಿಲ್ಲ.

ಹಾಗಾದರೆ ಕುಗ್ಗುವ ಮರದಲ್ಲಿ ಕೂಡುಗೆ ಸಡಿಲವಾಗಬೇಡವೇ? ಬಡಗಿಯ ಜಾಣತನ ಇಲ್ಲಿದೆ. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ತೋಡಿದ ಗೂಡಿಗೆ ತೂರಿಸುತ್ತಾರೆ. ಎರಡಕ್ಕೂ ಅಡ್ಡಲಾಗಿ ತೂತು ಕೊರೆದು ಮರದ ಗೂಟ ಬಡಿಯುತ್ತಾರೆ. ಆದರೆ ನಾಲಿಗೆಯ ತೂತನ್ನು ಬೇಕೆಂದೇ ಕೆಲವು ಮಿಲಿಮೀಟರ್ ನಾಲಿಗೆಯ ಬುಡದ ಕಡೆಗೆ ಸರಿಸಿ ಕೊರೆದಿರುತ್ತಾರೆ. ತೂತುಗಳು ಸರಿಯಾಗಿ ಎದುರುಬದುರಾಗದ ಕಾರಣ, ಚೂಪು ತುದಿಯ ಗೂಟ ಒಳಗೆ ಹೋಗುತ್ತ ತಾನೂ ಕೊಂಚ ಬಾಗಿ, ನಾಲಿಗೆಯನ್ನು ಗೂಡಿನೊಳಕ್ಕೆ ಎಳೆದುಕೊಳ್ಳುತ್ತದೆ. ಬಾಗಿದ ಆ ಗೂಟ ಸ್ಪ್ರಿಂಗಿನ ಕೆಲಸ ಮಾಡುತ್ತದೆ: ಮರ ಕುಗ್ಗಿದಂತೆ ಎಳೆತ ಮುಂದುವರಿಯುತ್ತದೆ. ಕಬ್ಬಿಣದ ಮೊಳೆ ಇಲ್ಲಿ ನಡೆಯದು. ಓಕ್‌ನ ಹುಳಿ ಅಂಶ ಕಬ್ಬಿಣವನ್ನು ತಿನ್ನುತ್ತದೆ. ಒಗರಿನ ಟ್ಯಾನಿನ್ ಅದರ ಜೊತೆ ಸೇರಿ ಮಸಿಯಂಥ ಕಪ್ಪು ಕಲೆ ಬಿಡುತ್ತದೆ. ಹಿಂದೆ ಯುರೋಪಿನಲ್ಲಿ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೂ ಇದೇ ರಾಸಾಯನಿಕ ಕ್ರಿಯೆಯಿಂದ.

ಈ ಮನೆ ಇಷ್ಟೊಂದು ಡೊಂಕಾಗಲು ಒಣಗುವಿಕೆಯೊಂದೇ ಕಾರಣವಲ್ಲ. ಕೆಳಗಿನ ಭಾಗ ಕಟ್ಟಿದ ಮೇಲೆ, 16ನೇ ಶತಮಾನದ ಉತ್ತರಾರ್ಧದಲ್ಲಿ, ಮನೆಯವರಿಗೆ ತಲೆಯ ಮೇಲೊಂದು ಲಾಂಗ್ ಗ್ಯಾಲರಿ ಬೇಕೆನಿಸಿತು. ಮಳೆ ಬಂದಾಗ ಒಳಗೇ ಅಡ್ಡಾಡಲು ಆ ಕಾಲದ ಸಿರಿವಂತರು ಕಟ್ಟಿಸುತ್ತಿದ್ದ ಉದ್ದನೆಯ ಕೋಣೆ ಅದು. ಇಲ್ಲಿನದು ಸುಮಾರು 21 ಮೀಟರ್ ಉದ್ದ. ಅಷ್ಟಕ್ಕೇ ನಿಲ್ಲಿಸದೆ, ಅದರ ಮೇಲೆ ಭಾರೀ ಮರಳುಗಲ್ಲಿನ ಚಪ್ಪಡಿ ಹೊದಿಸಿದರು. ಅಡಿಯ ನೆಲದ ತೊಲೆಗಳು ಬಾಗಿದವು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಬಗ್ಗುತ್ತದೆ, ನಿಧಾನಕ್ಕೆ. ಹೊರೆ ಒಂದೇ ಸಮ ಮೇಲಿದ್ದರೆ ಮರದ ನಾರುಗಳು ವರ್ಷಗಳ ಕಾಲ ಎಳೆಎಳೆಯಾಗಿ ಜಗ್ಗುತ್ತ ಹೋಗುತ್ತವೆ, ಅದೂ ಒಣಗುತ್ತಿರುವ ಹಸಿ ಮರದಲ್ಲಿ ಹೆಚ್ಚು. ಹೊರೆ ಇಳಿಸಿದರೂ ಪೂರ್ತಿ ಹಿಂದಿನ ಆಕಾರಕ್ಕೆ ಬರುವುದಿಲ್ಲ. ಪುಸ್ತಕ ತುಂಬಿದ ಕಪಾಟಿನ ಹಲಗೆ ನಡುವೆ ಜೋತುಬಿದ್ದದ್ದನ್ನು ನೋಡಿದ್ದರೆ ಸಾಕು, ಇದು ಅದೇ. ಕಲ್ಲಿನ ಗೋಡೆಯಾಗಿದ್ದರೆ ಇಷ್ಟು ಕದಲಿಕೆಗೆ ಬಿರಿದು ಹೋಗುತ್ತಿತ್ತು. ಇಲ್ಲಿ ಪ್ರತಿ ಕೂಡುಗೆಯೂ ಕೊಂಚ ಕೊಂಚ ಸರಿದು, ಸೋತ ತೊಲೆಯ ಹೊರೆಯನ್ನು ಪಕ್ಕದ್ದು ಹಂಚಿಕೊಂಡಿತು. ಆದರೂ ಮುಂದೊಂದು ದಿನ ಗ್ಯಾಲರಿಗೆ ಉಕ್ಕಿನ ಸರಳುಗಳನ್ನು ಕೊಡಬೇಕಾಯಿತು. ಮರದ ತಾಳ್ಮೆಗೂ ಮಿತಿಯಿದೆ.

ಆ ಗ್ಯಾಲರಿಯ ಎರಡು ತುದಿಯ ಗೋಡೆಗಳಲ್ಲಿ ಗಾರೆಯ ಉಬ್ಬುಚಿತ್ರಗಳಿವೆ. ಒಂದರಲ್ಲಿ ಅದೃಷ್ಟದ ಚಕ್ರ, ಅದನ್ನು ಆಳುವುದು ಅಜ್ಞಾನ. ಇನ್ನೊಂದರಲ್ಲಿ ವಿಧಿ, ಅದನ್ನು ಆಳುವುದು ಜ್ಞಾನ. ಚಿತ್ರದ ಮೂಲ 1556ರ ಒಂದು ಖಗೋಳ ಪುಸ್ತಕದ ಮುಖಪುಟ. ಬರೆದವರು ರಾಬರ್ಟ್ ರೆಕಾರ್ಡ್, ಮರುವರ್ಷವೇ ಗಣಿತಕ್ಕೆ ಸಮ ಚಿಹ್ನೆಯನ್ನು ಕೊಟ್ಟವರು. ಹಳ್ಳಿಯ ಜಮೀನ್ದಾರನ ಮನೆಯ ಗೋಡೆಗೆ ವಿಜ್ಞಾನದ ಪುಸ್ತಕ ಏರಿದ್ದು ನನಗಂತೂ ಆ ಡೊಂಕಿಗಿಂತ ದೊಡ್ಡ ಅಚ್ಚರಿ.

ಇನ್ನು ಬಣ್ಣದ ಮಾತು. ಹಾಗೇ ಬಿಟ್ಟ ಓಕ್ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ. ಇಂಥ ಅನೇಕ ಮನೆಗಳಿಗೆ ಕಡುಗಪ್ಪು ಬಳಿದದ್ದು 19ನೇ ಶತಮಾನದವರ ಗೀಳು. ಕಪ್ಪಿನಿಂದ ಹೆಚ್ಚಾಗಿ ಕಣ್ಣಿಗೆ ತೊಂದರೆ. ನಿಜವಾದ ಕೇಡು ತಂದದ್ದು 20ನೇ ಶತಮಾನದ ಸಿಮೆಂಟು. ಸುಣ್ಣ ಮತ್ತು ಮಣ್ಣು ತೇವವನ್ನು ಹೀರಿ ಹೊರಗೆ ಬಿಡುತ್ತವೆ. ಸಿಮೆಂಟು ಬಿಡದು. ಅದು ತೊಲೆಯ ಪಕ್ಕದಲ್ಲೇ ನೀರನ್ನು ಹಿಡಿದಿಡುತ್ತದೆ. ಮರದ ತೇವ ಶೇ. 20 ದಾಟಿತೆಂದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ ತೆರೆದಂತೆ.

1938ರಿಂದ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದೆ. ಕಾನೂನಿನ ಪ್ರಕಾರ ಗ್ರೇಡ್ ಒಂದರ ಸಂರಕ್ಷಿತ ಕಟ್ಟಡ. ಅನುಮತಿಯಿಲ್ಲದೆ ಅದರ ಸ್ವರೂಪ ಬದಲಿಸುವಂತಿಲ್ಲ. ಇಂಥ ಮನೆಗಳ ದುರಸ್ತಿಯಲ್ಲಿ ಕೊಳೆತಷ್ಟನ್ನೇ ಕತ್ತರಿಸಿ ಹೊಸ ಓಕ್ ತುಂಡು ಬೆಸೆಯುತ್ತಾರೆ. ನೆಟ್ಟಗೆ ಮಾಡಲು ಮಾತ್ರ ಹೋಗುವುದಿಲ್ಲ. ಬಾಗಿದ ಆಕಾರದಲ್ಲೇ ಒಣಗಿ ಗಟ್ಟಿಯಾದ ಚೌಕಟ್ಟನ್ನು ಜಗ್ಗಿ ನೇರ ಮಾಡಿದರೆ ಮುರಿಯುವುದು ಕೂಡುಗೆಗಳೇ.

ಅಂಗಳಕ್ಕೆ ಚಾಚಿಕೊಂಡ ಕಿಟಕಿಗಳ ಮೇಲೆ ಒಂದು ಬರಹವಿದೆ. 1559ರಲ್ಲಿ ವಿಲಿಯಂ ಮೋರ್ಟನ್ ಇವನ್ನು ಮಾಡಿಸಿದ ಎಂದಿದೆ, ಸರಿ. ಜೊತೆಗೇ, ರಿಚರ್ಡ್ ಡೇಲ್ ಎಂಬ ಬಡಗಿ ದೇವರ ದಯೆಯಿಂದ ಇವನ್ನು ಮಾಡಿದ ಎಂದೂ ಕೆತ್ತಿದೆ. ‘ಕಾರ್ಪೆಂಟರ್’ ಅನ್ನುವುದು ಅಲ್ಲಿ ‘ಕಾರ್ಪೆಡರ್’ ಆಗಿದೆ. ಮನೆ ರಿಪೇರಿ ಮಾಡಿದವರು ಯಾರೂ ಅದನ್ನು ತಿದ್ದಿಲ್ಲ.