ಬಣ್ಣ ಹೋದ ನೀರಿನಲ್ಲಿ ಇನ್ನೇನು ಉಳಿದಿರುತ್ತದೆ?

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ತ್ಯಾಜ್ಯನೀರು ಸಂಸ್ಕರಣೆಯ ನಂತರ ತಿಳಿಯಾಗಿ ಕಂಡರೆ, ಅದರಲ್ಲಿದ್ದ ಬಣ್ಣದ ರಾಸಾಯನಿಕ ನಾಶವಾಯಿತೆಂದು ನಂಬಬಹುದೇ? ಓದುಗರಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು. ನಂಬಲಾಗದು ಎಂದು ಹಿಂದೆಯೂ ಉತ್ತರಿಸಿದ್ದೇನೆ. ಆದರೂ ‘ನೀರು ತಿಳಿಯಾದರೆ ಕೆಲಸ ಮುಗಿಯಿತು’ ಎಂಬ ನಂಬಿಕೆ ಕದಲದೆ ಕುಳಿತಿರುವುದರಿಂದ ಈ ಸಲ ಕಾರಣವನ್ನು ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಬಣ್ಣದ ಅಣುವಿನ ಎಲ್ಲ ಭಾಗಗಳೂ ಬಣ್ಣ ಕೊಡುವುದಿಲ್ಲ. ಗೋಚರ ಬೆಳಕನ್ನು ಹೀರುವುದು ಅದರೊಳಗೆ ಏಕಬಂಧ, ದ್ವಿಬಂಧಗಳು ಸರದಿಯಂತೆ ಹೆಣೆದುಕೊಂಡಿರುವ ಭಾಗ ಮಾತ್ರ. ಜವಳಿ ಉದ್ಯಮದಲ್ಲಿ ಬಹಳವಾಗಿ ಬಳಕೆಯಾಗುವ ಅಜೋ ಬಣ್ಣಗಳಲ್ಲಿ, ಎರಡು ನೈಟ್ರೋಜನ್ ಪರಮಾಣುಗಳ ನಡುವಿನ ದ್ವಿಬಂಧವೇ ಈ ಹೆಣಿಗೆಯನ್ನು ಹಿಡಿದಿಟ್ಟಿರುತ್ತದೆ. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಆ ಬಂಧಕ್ಕೆ ಎಲೆಕ್ಟ್ರಾನ್‌ಗಳನ್ನು ಕೊಟ್ಟು ಅದನ್ನು ಸುಲಭವಾಗಿ ಮುರಿಯುತ್ತವೆ. ಮುರಿದ ಕ್ಷಣದಲ್ಲೇ ಬಣ್ಣ ಮಾಯವಾಗುತ್ತದೆ. ಆದರೆ ಬಂಧದ ಎರಡು ಬದಿಗಳಲ್ಲಿದ್ದ ಇಂಗಾಲದ ಉಂಗುರಗಳು ಒಂದಿಷ್ಟೂ ಸವೆಯದೆ, ತಲಾ ಒಂದು ನೈಟ್ರೋಜನ್ ಹೊತ್ತ ಆರೊಮ್ಯಾಟಿಕ್ ಅಮೀನ್‌ಗಳಾಗಿ ನೀರಿನಲ್ಲೇ ಉಳಿಯುತ್ತವೆ. ಇವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ಅಪಾಯಕಾರಿ. ಬೆಂಜಿಡೀನ್ ಆಧಾರಿತ ಬಣ್ಣಗಳು ಹೀಗೆ ಒಡೆದಾಗ ಹೊರಬರುವ ಬೆಂಜಿಡೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾಗಿದೆ. ಈ ಅಮೀನ್‌ಗಳು ಸಾಮಾನ್ಯವಾಗಿ ಆಮ್ಲಜನಕವಿಲ್ಲದ ಹಂತದಲ್ಲಿ ಮುಂದಕ್ಕೆ ಒಡೆಯುವುದಿಲ್ಲವಾದ್ದರಿಂದಲೇ ಅದರ ನಂತರ ಗಾಳಿ ಊದುವ ತೊಟ್ಟಿಯನ್ನು ಇಡುತ್ತಾರೆ. ಅಲ್ಲಿಯೂ, ಸಲ್ಫೋನೇಟ್ ಗುಂಪುಗಳಿರುವ ಕೆಲವು ಅಮೀನ್‌ಗಳು ಸುಲಭಕ್ಕೆ ಬಗ್ಗುವುದಿಲ್ಲ.

ಇಷ್ಟು ಹೇಳಿದರೂ ಸಂಶಯಪಡುವವರು ಮಿಥಿಲೀನ್ ಬ್ಲೂವನ್ನು ಗಮನಿಸಲಿ. ಕ್ಷಾರೀಯ ಗ್ಲೂಕೋಸ್ ದ್ರಾವಣದಲ್ಲಿ ಈ ನೀಲಿ ಬಣ್ಣ ಅಪಕರ್ಷಣಗೊಂಡು (ಅಂದರೆ ಎಲೆಕ್ಟ್ರಾನ್ ಪಡೆದು) ಪೂರ್ತಿ ಮಾಯವಾಗುತ್ತದೆ. ಬಾಟಲಿಯನ್ನು ಅಲುಗಾಡಿಸಿದರೆ ಗಾಳಿಯ ಆಮ್ಲಜನಕ ಸೇರಿ ಮತ್ತೆ ನೀಲಿಯಾಗುತ್ತದೆ. ಬಣ್ಣದ ಅಣು ಎಲ್ಲಿಗೂ ಹೋಗಿರಲಿಲ್ಲ.

ಆದ್ದರಿಂದ ಕಣ್ಣನ್ನು ಬಿಟ್ಟು ಅಳತೆಯನ್ನು ನಂಬಬೇಕು. ನೀರಿನಲ್ಲಿರುವ ಸಾವಯವ ಇಂಗಾಲವನ್ನೆಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ ಪರಿವರ್ತಿಸಿ ಅಳೆಯುವ ಟಿಒಸಿ (ಒಟ್ಟು ಸಾವಯವ ಇಂಗಾಲ) ಪರೀಕ್ಷೆ ಸುಳ್ಳಿಗೆ ಅವಕಾಶ ಕೊಡುವುದಿಲ್ಲ: ಬಣ್ಣ ಹೋಗಿಯೂ ಟಿಒಸಿ ಇಳಿಯದಿದ್ದರೆ ಮಾಲಿನ್ಯ ವೇಷ ಬದಲಿಸಿದೆ ಎಂದೇ ಅರ್ಥ. ಟಿಒಸಿ ಇಳಿದರೂ ಮಾಲಿನ್ಯ ಎಲ್ಲಿಗೆ ಹೋಯಿತೆಂದು ಕೇಳಬೇಕು, ಏಕೆಂದರೆ ಸಂಸ್ಕರಣೆಯಲ್ಲಿ ಬಳಸುವ ಸಕ್ರಿಯ ಇಂಗಾಲ (ರಂಧ್ರಭರಿತ ಇದ್ದಿಲು) ಬಣ್ಣವನ್ನು ತನ್ನ ರಂಧ್ರಗಳಲ್ಲಿ ಹಿಡಿದಿಡುತ್ತದೆಯೇ ಹೊರತು ನಾಶ ಮಾಡುವುದಿಲ್ಲ.

ಯಾರೂ ನೇರವಾಗಿ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇಲ್ಲಿದೆ. ಹಾಗಿದ್ದರೆ ನೀರಿನ ಸಂಸ್ಕರಣೆಯ ಅಷ್ಟೊಂದು ಸಂಶೋಧನಾ ಪ್ರಬಂಧಗಳು ಮಿಥಿಲೀನ್ ಬ್ಲೂ ಬಣ್ಣ ಇಳಿದದ್ದನ್ನೇ ಸಾಧನೆಯೆಂದು ತೋರಿಸುವುದೇಕೆ? ಅದು ಅಗ್ಗ; 664 ನ್ಯಾನೋಮೀಟರ್‌ನ ಬೆಳಕನ್ನು ಬಲವಾಗಿ ಹೀರುವುದರಿಂದ ಹೀರಿದ ಬೆಳಕನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನಿಮಿಷದೊಳಗೆ ಅಳೆಯಬಹುದು. ಸಂಶೋಧಕರು ತಮ್ಮ ಹೊಸ ವೇಗವರ್ಧಕ ವಸ್ತು ಗೋಚರ ಬೆಳಕಿನಲ್ಲಿಯೇ ಮಾಲಿನ್ಯವನ್ನು ಒಡೆಯುತ್ತದೆ ಎಂಬ ವಾದಕ್ಕೆ ಇದನ್ನು ಆಧಾರ ಮಾಡಿಕೊಂಡಾಗ ತೊಡಕು ದೊಡ್ಡದಾಗುತ್ತದೆ. ಟೈಟಾನಿಯಂ ಡೈಆಕ್ಸೈಡ್‌ನಂಥ ವೇಗವರ್ಧಕ ತಾನಾಗಿ ಕೆಲಸ ಮಾಡಲು ಅತಿನೇರಳೆ ಕಿರಣ ಬೇಕು. ಆದರೆ ಬಣ್ಣದ ಅಣು ಗೋಚರ ಬೆಳಕನ್ನು ತಾನೇ ಹೀರಿ, ವೇಗವರ್ಧಕಕ್ಕೆ ಎಲೆಕ್ಟ್ರಾನ್ ದಾಟಿಸಿ, ತಾನಾಗಿಯೇ ಮಾಸಬಲ್ಲದು. ಆಗ ಬಣ್ಣ ಮಾಸಿದ್ದರ ಕೀರ್ತಿ ವೇಗವರ್ಧಕದ ಪಾಲಾಗುತ್ತದೆ. ಹಾಗಾಗಿ ಇಂಥ ಪ್ರಬಂಧ ಕೈಗೆ ಬಂದಾಗ, ಫೀನಾಲ್‌ನಂಥ ಬಣ್ಣವಿಲ್ಲದ ಸಂಯುಕ್ತದ ಮೇಲೂ ಪ್ರಯೋಗ ನಡೆದಿದೆಯೇ, ಟಿಒಸಿ ಅಂಕಿ ಕೊಟ್ಟಿದ್ದಾರೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ನನ್ನ ವಿದ್ಯಾರ್ಥಿಗಳೂ ಈಗ ಹಾಗೆಯೇ ಹುಡುಕುತ್ತಾರೆ ಎಂಬುದು ನನಗೆ ಹೆಮ್ಮೆ.