ಲೆಗ್ಗಿಂಗ್ಸ್ ಬಟ್ಟೆ ಇಟ್ಟರೆ ಹೊಲಿಗೆ ಯಾಕೆ ಬಿಟ್ಟುಹೋಗುತ್ತೆ?

ಪ್ರಶ್ನೆ: ನಮ್ಮದು ಗುಬ್ಬಿ, ತುಮಕೂರು ಜಿಲ್ಲೆ. ಬ್ಲೌಸು, ಚೂಡಿದಾರಕ್ಕೆ ಮೆಷಿನ್ ಚೆನ್ನಾಗೇ ಓಡುತ್ತೆ. ಲೆಗ್ಗಿಂಗ್ಸ್ ಬಟ್ಟೆ ಇಟ್ಟರೆ ಮಾತ್ರ ನಾಲ್ಕು ಹೊಲಿಗೆ ಬಿದ್ದು ಎರಡು ಬಿಟ್ಟುಹೋಗುತ್ತೆ. ಟೆನ್ಷನ್ ತಿರುಗಿಸಿ ತಿರುಗಿಸಿ ಸಾಕಾಯ್ತು. ರಿಪೇರಿಗೆ ಕೊಡಬೇಕಾ?

ಉತ್ತರ: ಈಗಲೇ ಬೇಡ. ಟೆನ್ಷನ್ ಮೊದಲಿದ್ದ ಕಡೆಗೇ ತಂದು, ಸೂಜಿ ಬದಲಿಸಿ ನೋಡಿ.

ಸೂಜಿ ಕೆಳಗಿಳಿದು ಮೇಲೇಳುವಾಗ ಅದರ ಬೆನ್ನಿಗೆ ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಶಟಲ್‌ ಕೊಕ್ಕೆ (ಕೆಳಗೆ ಬಾಬಿನ್ ಹತ್ತಿರ ಇರುವ ಭಾಗ) ಅದನ್ನು ಹಿಡಿದರಷ್ಟೇ ಹೊಲಿಗೆ. ಲೆಗ್ಗಿಂಗ್ಸಿನಲ್ಲಿ ರಬ್ಬರಿನಂತೆ ಹಿಗ್ಗುವ ಲೈಕ್ರಾ ಎಳೆ ಇರುತ್ತದೆ. ಆ ಬಟ್ಟೆ ಸೂಜಿಯನ್ನು ಕಚ್ಚಿಕೊಂಡು ಅದರ ಜೊತೆಗೇ ಮೇಲೇಳುತ್ತದೆ. ಕುಣಿಕೆ ಉಬ್ಬುವುದಿಲ್ಲ, ಕೊಕ್ಕೆ ಬರಿಗೈಲಿ ಹೋಗುತ್ತದೆ. ಹಿಗ್ಗುವ ಬಟ್ಟೆಗೆಂದೇ ಇರುವ ಸ್ಟ್ರೆಚ್ ಸೂಜಿಯಲ್ಲಿ ಕಣ್ಣಿನ ಹಿಂದಿನ ತಗ್ಗು ಹೆಚ್ಚು ಆಳವಿರುವುದರಿಂದ ಕೊಕ್ಕೆ ದಾರಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ತುದಿಯೂ ಚೂರು ದುಂಡಗೆ; ಎಳೆ ಕಡಿಯದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಚೂಪು ಸೂಜಿ ಎಳೆ ಕಡಿದರೆ ಅವತ್ತು ಕಾಣದೇ ಇರಬಹುದು. ಒಗೆದ ಮೇಲೆ ಹೊಲಿಗೆ ಪಕ್ಕ ಸಾಸಿವೆಕಾಳಿನಷ್ಟು ತೂತು ಬಿದ್ದು, ಅಲ್ಲಿಂದ ಹೆಣಿಗೆ ಬಿಚ್ಚುತ್ತಾ ಹೋಗುತ್ತದೆ.

ಲೆಗ್ಗಿಂಗ್ಸಿಗೆ ಸ್ಟ್ರೆಚ್ 75/11, ದಪ್ಪ ಬಟ್ಟೆಗೆ 90/14. 75 ಎಂದರೆ ಸೂಜಿಯ ದಪ್ಪ 0.75 ಮಿ.ಮೀ.; 11 ಅದೇ ದಪ್ಪಕ್ಕಿರುವ ಇನ್ನೊಂದು ನಂಬರ್. ಲೈಕ್ರಾ ಇಲ್ಲದ ಟೀಶರ್ಟು, ಬನಿಯನ್ ಬಟ್ಟೆಗೆ ದುಂಡು ತುದಿಯ ಬಾಲ್ ಪಾಯಿಂಟ್ ಸೂಜಿ 80/12 ಸಾಕು. ಗಟ್ಟಿ ಇರಲಿ ಅಂತ 16 ನಂಬರ್ ಹಾಕುವುದುಂಟು. ತೂತು ದೊಡ್ಡದಾಗುತ್ತದೆ, ಅಷ್ಟೇ.

ಕೊಳ್ಳಲು ಹೋಗುವಾಗ ಹಳೇ ಸೂಜಿ ಕೈಲಿರಲಿ. ಬುಡ ಒಂದು ಕಡೆ ಚಪ್ಪಟೆ ಇದ್ದರೆ ಎಚ್‌ಎ×1, ಮನೆ ಮೆಷಿನ್‌ಗಳ ಸೂಜಿ. ಗಾರ್ಮೆಂಟ್ಸ್‌ ಮೆಷಿನ್ನಿನ ಡಿಬಿ×1ಕ್ಕೆ ಗುಂಡು ಬುಡ, ಅದು ನಿಮ್ಮದಕ್ಕೆ ಸರಿಹೋಗದು. ಹಾಕುವಾಗ ಉದ್ದ ಗೀರು ದಾರ ಪೋಣಿಸುವ ಕಡೆಗೆ, ತಗ್ಗು ಕೊಕ್ಕೆಯ ಕಡೆಗೆ. ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿಮಾಡಿ, ಒಂದು ಮಿ.ಮೀ. ಕೆಳಗೆ ನಿಂತರೂ ಹೊಲಿಗೆ ಬಿಡುತ್ತದೆ. ಎಂಟು ಗಂಟೆ ಹೊಲಿದ ಮೇಲೆ ಆ ಸೂಜಿ ಬಿಸಾಕಿ.

ಸೂಜಿ ಸರಿಯಿದ್ದೂ ಕೂತೆದ್ದಾಗ ದಾರ ಪಟ್ಟನೆ ಹರಿದರೆ ತಪ್ಪು ನೇರ ಹೊಲಿಗೆಯದು. ಬಟ್ಟೆ ಹಿಗ್ಗಿದಷ್ಟು ಅದು ಹಿಗ್ಗದು. ಪಾಲಿಯೆಸ್ಟರ್ ದಾರದಲ್ಲಿ ಜಿಗ್‌ಜಾಗ್ ಹಾಕಿ: ಅಗಲ 1, ಉದ್ದ 2.5. ಜಿಗ್‌ಜಾಗ್ ಇಲ್ಲದ ಕರಿ ಮೆಷಿನ್ನಾದರೆ ಹೊಲಿಗೆ ಸಣ್ಣದು ಮಾಡಿ, ಮೇಲ್ದಾರ ಕೊಂಚ ಸಡಿಲಿಸಿ. ಮೊದಲು ಕತ್ತರಿಸಿ ಉಳಿದ ತುಂಡಿನ ಮೇಲೆ ಒಂದು ಗೇಣು ಹೊಲಿದು, ಜೋರಾಗಿ ಎಳೆದು, ಬೆಳಕಿಗೆ ಹಿಡಿದು ನೋಡಿ. ತೂತು ಕಂಡರೆ ಒಂದು ನಂಬರ್ ಸಣ್ಣ ಸೂಜಿ. ಹೊಸ ಸೂಜಿ ಸರಿಯಾಗಿ ಕೂತಿದ್ದೂ ಹೊಲಿಗೆ ಬಿಡುತ್ತಿದ್ದರೆ, ಆಗ ಮೆಕ್ಯಾನಿಕ್ ಹತ್ತಿರ ಶಟಲ್ ಟೈಮಿಂಗ್, ಅಂದರೆ ಕೊಕ್ಕೆ ಸರಿಯಾದ ಹೊತ್ತಿಗೆ ಸೂಜಿಯ ಹತ್ತಿರ ಬರುತ್ತಿದೆಯೇ ಎಂದು ತೋರಿಸಿ.