ಓದುಗರ ಪ್ರಶ್ನೆ: ಮೊದಲ ಹೆರಿಗೆ ಸಲೀಸಾಗಿತ್ತು, ಈ ಸಲ ನೋವು ಬಂದ ಮೇಲೆ ಹೊರಟರೆ ಸಾಲದೇ?

ಪ್ರಶ್ನೆ: ನಮ್ಮ ಮನೆಯಿಂದ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) 12 ಕಿ.ಮೀ., ತಾಲ್ಲೂಕು ಆಸ್ಪತ್ರೆ 45 ಕಿ.ಮೀ. ಮೊದಲನೆಯದು ನಾರ್ಮಲ್ ಆಗಿದೆ. ಎರಡನೆಯದಕ್ಕೆ ಜುಲೈ ಕೊನೆಯ ವಾರ ದಿನ ಕೊಟ್ಟಿದ್ದಾರೆ. ಎಲ್ಲಿ ಮಾಡಿಸುವುದು? ನೋವು ಬಂದ ಮೇಲೆ ಹೊರಟರೆ ಸಾಲದೇ?

ಉತ್ತರ: ಸಾಲದು. ಮಳೆಗಾಲದ ಮುಂಚೆ ಇದೇ ಪ್ರಶ್ನೆ ಬರುತ್ತದೆ. ಒಮ್ಮೆ ಜೋಯಿಡಾ ಕಡೆಯಿಂದ, ಒಮ್ಮೆ ಹೊಸನಗರದಿಂದ, ಒಮ್ಮೆ ಕಳಸದ ಆಚೆಯಿಂದ. ಪ್ರತಿ ಸಲವೂ ಅದರೊಳಗೆ ಅದೇ ನಂಬಿಕೆ ಕೂತಿರುತ್ತದೆ: ಹೋದ ಸಲ ಆದಂತೆಯೇ ಈ ಸಲವೂ ಆಗುತ್ತದೆ ಎಂದು. ಎಷ್ಟು ಸಲ ಹೇಳಿದರೂ ಹೋಗದ ಈ ನಂಬಿಕೆಯನ್ನು ಮೊದಲು ನೋಡೋಣ.

ಗರ್ಭಕೋಶ ಹಳೆಯದು, ಆದರೆ ಮಗು ಹೊಸದು, ಮಾಸು (ಪ್ಲಸೆಂಟಾ) ಹೊಸದು. ಹೋದ ಸಲ ಮೇಲೆ ಅಂಟಿದ್ದ ಮಾಸು ಈ ಸಲ ಬಾಯಿಯ ಹತ್ತಿರವೇ ಕೂತಿರಬಹುದು. ಹೋದ ಸಲ ತಲೆ ಕೆಳಗಿತ್ತು, ಈ ಸಲ ಮಗು ಅಡ್ಡ ಇರಬಹುದು. ಹೋದ ಸಲ ಇಲ್ಲದ ಬಿಪಿ ಎಂಟನೇ ತಿಂಗಳಲ್ಲಿ ಏರಬಹುದು. ಸ್ಕ್ಯಾನ್ ಮತ್ತು ತಿಂಗಳ ತಪಾಸಣೆಯಲ್ಲಿ ಇವು ಹೆಚ್ಚಾಗಿ ಗೊತ್ತಾಗುತ್ತವೆ. ಮುಂಚೆ ಗೊತ್ತಾಗದ್ದು ಹೆರಿಗೆಯ ನಂತರದ ರಕ್ತಸ್ರಾವ. ತಾಯಂದಿರ ಜೀವ ತೆಗೆಯುವುದರಲ್ಲಿ ಇದರದ್ದೇ ದೊಡ್ಡ ಪಾಲು.

ಅದು ಹೇಗೆ ಆಗುತ್ತದೆ ಎಂದು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತವೆ. ಗರ್ಭಕೋಶದ ಸ್ನಾಯು ಮುಷ್ಟಿ ಬಿಗಿದಂತೆ ಗಟ್ಟಿಯಾಗಿ ಅವನ್ನು ಹಿಂಡಿ ಮುಚ್ಚಬೇಕು. ಸ್ನಾಯು ಸಡಿಲವಾಗಿಯೇ ಉಳಿದರೆ, ಇಲ್ಲವೇ ಮಾಸಿನ ತುಂಡೊಂದು ಒಳಗೆ ಸಿಕ್ಕಿಕೊಂಡರೆ ರಕ್ತ ನಿಲ್ಲುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಹೀಗೆ ರಕ್ತ ಹೋದವರಲ್ಲಿ ಬಹುಪಾಲು ಜನರಿಗೆ ಮುಂಚೆ ಯಾವ ಸೂಚನೆಯೂ ಇರುವುದಿಲ್ಲ. ಹೆರಿಗೆಗಳ ಸಂಖ್ಯೆ ಹೆಚ್ಚಾದಂತೆ, ಅದರಲ್ಲೂ ನಾಲ್ಕೈದು ದಾಟಿದ ಮೇಲೆ, ಸ್ನಾಯು ಸಡಿಲ ಉಳಿಯುವ ಸಾಧ್ಯತೆಯೂ ಹೆಚ್ಚು. ಹಳೆಯ ಹೆರಿಗೆಗಳ ಧೈರ್ಯ ನಂಬಿ ಮನೆಯಲ್ಲೇ ಉಳಿಯುವವರೂ ಹೀಗೆ ಹಲವು ಸಲ ಹೆತ್ತವರೇ.

ಈ ರಕ್ತಸ್ರಾವ ತಡೆಯಲು ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಅದೇ ಇಂಜೆಕ್ಷನ್ನನ್ನು ‘ನೋವು ಜಾಸ್ತಿಯಾಗಲಿ’ ಎಂದು ಹೆರಿಗೆಗೆ ಮುಂಚೆ ಮನೆಯಲ್ಲಿ ಕೊಡಿಸಿದರೆ ಗರ್ಭಕೋಶವೇ ಹರಿಯಬಹುದು. ದಯವಿಟ್ಟು ಯಾರಿಂದಲೂ ಕೊಡಿಸಿಕೊಳ್ಳಬೇಡಿ.

ಮನೆಯಲ್ಲಿ ಹೆರಿಗೆ ಬೇಡ ಎಂದಾಗ ಕೆಲವರು ಸೂಲಗಿತ್ತಿ ನರಸಮ್ಮನವರ ಹೆಸರು ಎತ್ತುತ್ತಾರೆ. ಪಾವಗಡದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು, ಸಾವಿರಾರು ಕೂಸುಗಳನ್ನು ಎತ್ತಿಕೊಂಡ ಕೈ ಅದು, ಆ ಕೈಯ ಜ್ಞಾನಕ್ಕೆ ನಮಸ್ಕಾರ. ಆದರೆ ಎಂಥ ಕೈಗುಣವೂ ಎರಡು ಬಾಟಲಿ ರಕ್ತ ಏರಿಸಲಾರದು.

ಇನ್ನು ಸಮಯದ ಲೆಕ್ಕ. ಚೊಚ್ಚಲು ಹೆರಿಗೆಗೆ 12ರಿಂದ 18 ಗಂಟೆ ಹಿಡಿಯಬಹುದು. ಎರಡನೆಯದು ಸಾಮಾನ್ಯವಾಗಿ ಅದರ ಅರ್ಧಕ್ಕೇ ಮುಗಿಯುತ್ತದೆ, ಕೆಲವೊಮ್ಮೆ ಎರಡು ಮೂರು ಗಂಟೆಯಲ್ಲಿ. ಅಂದರೆ ‘ಹೋದ ಸಲ ಸಲೀಸಾಯಿತು’ ಎಂಬುದು ಬೇಗ ಹೊರಡಲು ಕಾರಣವೇ ಹೊರತು ತಡವಾಗಿ ಹೊರಡಲು ಅಲ್ಲ. ನಿಮ್ಮ 45 ಕಿ.ಮೀ.ಯನ್ನೂ ಗಂಟೆಯಲ್ಲಿ ಎಣಿಸಿ. 108 ಆಂಬುಲೆನ್ಸ್ ತಾಲ್ಲೂಕು ಊರಿನಿಂದ ಹೊರಟರೆ ಬರುವ ಹೊತ್ತು, ಹೋಗುವ ಹೊತ್ತು ಎರಡೂ ಸೇರುತ್ತವೆ. ಅದರ ಮೇಲೆ ಜುಲೈ ತಿಂಗಳ ರಾತ್ರಿ, ಅಡ್ಡ ಬಿದ್ದ ಮರ, ಮುಳುಗಿದ ಕಾಲುಸಂಕ, ಕರೆಂಟ್ ಹೋದ ಕೂಡಲೇ ಸತ್ತುಹೋಗುವ ನೆಟ್‌ವರ್ಕ್. ಶರಾವತಿ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವುದು ತಪ್ಪಿತು, ಅದು ದೊಡ್ಡ ನೆಮ್ಮದಿ. ಆದರೂ ಮನೆಯಿಂದ ಸಾಗರದವರೆಗಿನ ದಾರಿ ಇದ್ದೇ ಇದೆ.

ಈಗ ಎಲ್ಲಿ ಎಂಬುದು. ಪಿಎಚ್‌ಸಿಯಲ್ಲಿ ನುರಿತ ನರ್ಸ್ ಇದ್ದರೆ ನಾರ್ಮಲ್ ಹೆರಿಗೆ ಚೆನ್ನಾಗಿ ಆಗುತ್ತದೆ, ಆದರೆ ಅಲ್ಲಿ ಆಪರೇಷನ್ ಇಲ್ಲ, ರಕ್ತವೂ ಇಲ್ಲ. ನಿಮ್ಮ ಪಿಎಚ್‌ಸಿಯಿಂದ ಮುಂದೆ ಇನ್ನೂ 33 ಕಿ.ಮೀ. ಘಟ್ಟದ ದಾರಿ ಇರುವುದರಿಂದ ನನ್ನ ಸಲಹೆ ತಾಲ್ಲೂಕು ಆಸ್ಪತ್ರೆ. ಏಳನೇ ತಿಂಗಳಲ್ಲೇ ಅಲ್ಲಿಗೆ ಹೋಗಿ ವಿಚಾರಿಸಿ: ರಾತ್ರಿ ಸಿಸೇರಿಯನ್ ಆಗುತ್ತದೆಯೇ? ಅನಸ್ತೇಷಿಯಾ ಡಾಕ್ಟರ್ ಊರಲ್ಲೇ ಇರುತ್ತಾರೆಯೇ? ನನ್ನ ಗುಂಪಿನ ರಕ್ತ ಸ್ಟೋರೇಜಿನಲ್ಲಿ ಇದೆಯೇ? ‘ಇದ್ದಾರೆ’ ಎಂದರೆ ಬಿಡಬೇಡಿ, ಭಾನುವಾರ ರಾತ್ರಿ ಎರಡಕ್ಕೂ ಇರುತ್ತಾರೆಯೇ ಎಂದು ಕೇಳಿ. ಇಲ್ಲ ಎಂದಾದರೆ ಜಿಲ್ಲಾ ಆಸ್ಪತ್ರೆಯನ್ನೇ ಗೊತ್ತು ಮಾಡಿ. ಹಿಂದೆ ಸಿಸೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಬಿಪಿ ಇದ್ದರೆ, ಮಾಸು ಕೆಳಗಿದ್ದರೆ ಈ ಪ್ರಶ್ನೆಗಳಿಗೂ ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಈಗಲೇ ಸರಿ ಮಾಡಿಕೊಳ್ಳಿ, 12 ಇರುವವಳು ತಾಳಿಕೊಳ್ಳುವಷ್ಟು ರಕ್ತ ಹೋದರೆ 7 ಇರುವವಳು ಉಳಿಯುವುದು ಕಷ್ಟ.

ಯಾವಾಗ ಹೊರಡಬೇಕು? ಕೊಟ್ಟ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು ಮಾತ್ರ. ತೊಂದರೆಯೇನೂ ಇಲ್ಲದಿದ್ದರೂ 37–38 ವಾರಕ್ಕೆ ಆಸ್ಪತ್ರೆಯಿಂದ ಅರ್ಧ ಗಂಟೆಯೊಳಗಿನ ನೆಂಟರ ಮನೆಗೋ ಬಾಡಿಗೆ ರೂಮಿಗೋ ಬಂದುಬಿಡಿ. ನಿಮಗೆ ಅಂದರೆ ಜುಲೈ ಮೊದಲ ಹದಿನೈದು ದಿನದಲ್ಲಿ. ಮನೆಯಲ್ಲಿ ಹಾಲು ಕರೆಯುವವರು ಯಾರು, ದೊಡ್ಡ ಮಗುವನ್ನು ಶಾಲೆಗೆ ಬಿಡುವವರು ಯಾರು ಎಂಬುದು ತೀರ್ಮಾನವಾಗದೆಯೇ ಎಷ್ಟೋ ಜನ ಹೊರಡುವುದಿಲ್ಲ, ಅದನ್ನು ಜೂನ್‌ನಲ್ಲೇ ಮುಗಿಸಿ. ಒಡಿಶಾದ ದುರ್ಗಮ ಊರುಗಳ ಗರ್ಭಿಣಿಯರಿಗೆ ಹೀಗೆ ಮುಂಚಿತವಾಗಿ ಬಂದು ಇರಲೆಂದೇ ಸರಕಾರದ ‘ಮಾ ಗೃಹ’ಗಳಿವೆ. ಮಲೆನಾಡಿಗೂ ಅಂಥದ್ದು ಬೇಕೆಂದು ಗ್ರಾಮಸಭೆಯಲ್ಲಿ ಕೇಳಿ.

ಅಲ್ಲಿಯವರೆಗೆ ಎರಡು ಜೀಪಿನವರ ನಂಬರ್ ಗೋಡೆಯ ಮೇಲೆ ಬರೆದಿಡಿ. ಒಬ್ಬರು ಫೋನ್ ತೆಗೆಯದಿದ್ದರೆ ಇನ್ನೊಬ್ಬರು ಬೇಕು. ಜೀಪಿನಲ್ಲಿ ಕತ್ತಿ, ಹಗ್ಗ, ಟಾರ್ಚ್ ಇರಲಿ. 108 ಎಲ್ಲಿಯವರೆಗೆ ಬರುತ್ತದೆ, ಸಿಗ್ನಲ್ ಯಾವ ದರೆಯ ಮೇಲೆ ಸಿಗುತ್ತದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ. ರಕ್ತ ಕೊಡಬಲ್ಲ ಇಬ್ಬರನ್ನು ಗೊತ್ತು ಮಾಡಿಡಿ. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ನೋವಿಗೆ ಕಾಯಬೇಡಿ, ಆಗಲೇ ಹೊರಡಿ. ಜೋಲಿಯಲ್ಲಿ ಹೊರುವುದಾದರೆ ಎಡಮಗ್ಗುಲಿಗೆ ಮಲಗಿಸಿ.

ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಡಿ ಉಚಿತ. ವಾಪಸು ಮನೆಗೆ ಬಿಡಲು ನಗು-ಮಗು ವಾಹನ ಇದೆ, ಕೇಳಿ ಪಡೆಯಿರಿ.

ನೀವು ಕೇಳಲಿಲ್ಲ, ಆದರೂ ತವರಿನ ವಿಷಯ ಹೇಳಿಬಿಡುತ್ತೇನೆ. ಚೊಚ್ಚಲಿಗೆ ತವರಿಗೆ ಕಳಿಸುವ ನಮ್ಮ ಪದ್ಧತಿ ಒಳ್ಳೆಯದೇ, ಹೆಣ್ಣುಮಗಳಿಗೆ ವಿಶ್ರಾಂತಿ ಸಿಗುತ್ತದೆ. ಆದರೆ ತವರು ಇನ್ನೂ ಒಳಗಿನ ಊರಾಗಿದ್ದರೆ? ಸೀಮಂತ ಮುಗಿಸಿ ಆಸ್ಪತ್ರೆಯಿಂದ ಇನ್ನಷ್ಟು ದೂರ ಕಳಿಸಿದಂತಾಯಿತು. ಅಂಥ ಕಡೆ ಅಮ್ಮನೇ ಮಗಳ ಮನೆಗೋ ಪೇಟೆಯ ರೂಮಿಗೋ ಬಂದು ಬಾಣಂತನ ಮಾಡಲಿ, ಶಾಸ್ತ್ರಕ್ಕೆ ಏನೂ ಕಡಿಮೆಯಾಗುವುದಿಲ್ಲ. ತವರಿಗೇ ಹೋಗುವುದಾದರೆ ಅಲ್ಲಿಗೆ ತಲುಪಿದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ತಾಯಿ ಕಾರ್ಡ್, ಸ್ಕ್ಯಾನ್ ವರದಿ, ರಕ್ತದ ಗುಂಪಿನ ಚೀಟಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗೇ ಹೋಗಲಿ. ಗುಂಪು ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ, ಮುಂದಿನ ಬಸಿರಿನ ಮಗುವಿಗೆ ತೊಂದರೆಯಾಗದಂತೆ ಹೆರಿಗೆಯಾದ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಆಗಬೇಕು. ಅದು ಆ ಊರಿನ ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಬಸ್ ಹತ್ತುವ ಮೊದಲೇ ಫೋನ್ ಮಾಡಿ ಕೇಳಿ.